ಮೂರನೇ ಹೆಸರು

ಮಂಗಳವಾರ, ಮಧ್ಯಾಹ್ನ ಎರಡೂವರೆ
ಮನೆಯಿಂದ

ನನ್ನ ಮಗನ ಅಪ್ಪನಿಗೆ,

ನೋಡು, ಎಂದಿನ ಹಾಗೆ ‘ಸಿಸ್ಟರಣ್ಣ’ ಎಂದು ಶುರು ಮಾಡಿಲ್ಲ. ಮೊದಲು ಹಾಗೇ ಬರೆದಿದ್ದೆ. ಆಮೇಲೆ ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಯಾಕೆ ಎನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ. ನೀನು ಕೊನೆಯವರೆಗೆ ಓದಲಿ ಎಂದೇ ಫೋನ್ ಬಿಟ್ಟು ಪೆನ್ನು ಹಿಡಿದಿದ್ದೇನೆ. ಫೋನಿನಲ್ಲಿ ಮಗುವಿನ ಹೆಸರು ಎಂದ ತಕ್ಷಣ ನಿನ್ನ ವಾರ್ಡಿನಲ್ಲಿ ಯಾರದೋ ಗ್ಲೂಕೋಸ್ ಬಾಟಲಿ ಮುಗಿದುಬಿಡುತ್ತದೆ. ನೀನು ತರಬೇತಿಗೆಂದು ಹೋದ ಈ ಐದು ವಾರಗಳಲ್ಲಿ ಅಲ್ಲಿ ಮುಗಿದಷ್ಟು ಬಾಟಲಿ ಆ ಆಸ್ಪತ್ರೆಯ ಉಗ್ರಾಣದಲ್ಲೂ ಇರಲಿಕ್ಕಿಲ್ಲ. ಪತ್ರವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ. ಮಡಿಸಿ ಜೇಬಿನಲ್ಲಿಡಬಹುದು, ಆದರೆ ಅದು ಅಲ್ಲೇ ಕೂತು ಚುಚ್ಚುತ್ತಿರುತ್ತದೆ.

ನಿನ್ನೆ ಜನನ ನೋಂದಣಿ ಕಚೇರಿಗೆ ಹೋಗಿದ್ದೆವು. ಮಗು ಅಮ್ಮನ ಹೆಗಲ ಮೇಲೆ, ಚೀಲ, ಛತ್ರಿ, ಕಾಗದಪತ್ರ ಎಲ್ಲ ನನ್ನ ಮೇಲೆ. ಕಚೇರಿ ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿದೆ. ‘ದುರಸ್ತಿಯಲ್ಲಿದೆ’ ಎಂಬ ಬೋರ್ಡಿನ ಮೇಲೆ ಬೆರಳಿನಿಂದ ಬರೆಯುವಷ್ಟು ಧೂಳು. ಬಾಗಿಲ ಸಂದಿಯ ಸೆನ್ಸರಿಗೆ ಯಾರೋ ಚ್ಯೂಯಿಂಗ್ ಗಮ್ ಮೆತ್ತಿದ್ದು ನನಗೆ ಅಷ್ಟು ದೂರದಿಂದಲೇ ಕಂಡಿತು. ಐದು ನಿಮಿಷದ ಕೆಲಸ. ಕೈ ತುರಿಸಿತು. ಅಮ್ಮ ನನ್ನ ರಟ್ಟೆ ಹಿಡಿದು ಮೆಟ್ಟಿಲ ಕಡೆ ಎಳೆದಳು. ಲಿಫ್ಟ್ ರಿಪೇರಿಯವಳ ಹಣೆಬರಹ ನೋಡು, ನಮ್ಮ ಮನೆಗೂ ಮೆಟ್ಟಿಲು, ಕಚೇರಿಗೂ ಮೆಟ್ಟಿಲು.

ಕೌಂಟರಿನಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಹೆಂಗಸು. ಫಾರಂ ಓದುತ್ತಾ ಬಂದವರು ಎಂಟನೇ ಕಾಲಮ್ಮಿಗೆ ನಿಂತರು. ಮಗುವಿನ ಹೆಸರು ಎಲ್ಲಿ ಎಂದು ಕೇಳಿದರು. ಇನ್ನೂ ಗೊತ್ತಾಗಿಲ್ಲ ಎಂದೆ. ಹುಟ್ಟಿ ಎಷ್ಟು ದಿನ ಎಂದರು. ನಲವತ್ತೊಂಬತ್ತು ಎಂದೆ. ಕನ್ನಡಕ ತೆಗೆದು ಒಮ್ಮೆ ಮಗುವನ್ನು, ಒಮ್ಮೆ ನನ್ನನ್ನು ನೋಡಿ, ದನಿ ತಗ್ಗಿಸಿ, ತಂದೆ ಇದ್ದಾರಲ್ಲ ಎಂದು ವಿಚಾರಿಸಿದರು. ಇದ್ದಾರೆ, ಉಸಿರಾಡುತ್ತಿದ್ದಾರೆ, ಉತ್ತರ ಮಾತ್ರ ಕೊಡುವುದಿಲ್ಲ ಎಂದೆ. ಅವರು ನಗಲಿಲ್ಲ. ಅರವತ್ತು ದಿನದೊಳಗೆ ಹೆಸರು ಬರೆಸಬೇಕು, ಇಬ್ಬರ ಸಹಿಯೂ ಬೇಕು, ದಿನ ಮೀರಿದರೆ ಆ ಕಾಲಮ್ಮಿಗೆ ಅಡ್ಡಗೀಟು ಎಳೆಯುತ್ತಾರಂತೆ. ಆಮೇಲೆ ಹೆಸರು ಸೇರಿಸಬೇಕೆಂದರೆ ಕೋರ್ಟು, ಸಾಕ್ಷಿ, ಅಫಿಡವಿಟ್ಟು. ಬರುವ ವಾರದ ಶುಕ್ರವಾರ ಕೊನೆಯ ದಿನ. ಇನ್ನೊಂದು, ಆಸ್ಪತ್ರೆಯ ಚೀಟಿಯಲ್ಲಿ ನಂಬರು ಓದಲಿಕ್ಕೆ ಬರುತ್ತಿಲ್ಲ ಎಂದರು. ಹೇಗೆ ಬಂದೀತು, ಅದರ ಮೇಲೆ ನಿನ್ನ ಮಗ ಆಗಲೇ ತನ್ನ ಸಹಿ ಹಾಕಿದ್ದಾನೆ. ಮಗುವಿನ ಕೈಗೆ ಕಟ್ಟಿದ್ದ ಪಟ್ಟಿ ಇದ್ದರೆ ಅದರ ನಂಬರಾದರೂ ಬರೆದು ತನ್ನಿ ಎಂದು ಕಳಿಸಿದರು.

ನಾಲ್ಕು ಮಹಡಿ ಇಳಿದೆವು. ಬೀದಿಗೆ ಬಂದ ಮೇಲೆ ಅಮ್ಮ, ನಿಮ್ಮಿಬ್ಬರ ಜಗಳ ಮುಗಿಯುವ ಹೊತ್ತಿಗೆ ಇವನೇ ದೊಡ್ಡವನಾಗಿ ಕಚೇರಿಗೆ ಹೋಗಿ ಹೆಸರು ಬರೆಸಿಕೊಂಡು ಬರುತ್ತಾನೆ ಬಿಡು ಎಂದಳು. ಅವಳಿಗೆ ಸಿಟ್ಟು ಬಂದಾಗ ದನಿ ಸಣ್ಣಗಾಗುವುದು ನಿನಗೆ ಗೊತ್ತಲ್ಲ. ಅಷ್ಟು ಸಣ್ಣ ದನಿಯಲ್ಲಿ ಹೇಳಿದಳು.

ಹೆಸರಿಲ್ಲದ ಮಗುವನ್ನು ಇಟ್ಟುಕೊಂಡು ಬದುಕುವುದು ಎಂದರೇನು ಎಂದು ನಿನಗೇನು ಗೊತ್ತು. ಹೋದ ವಾರ ಲಸಿಕೆಗೆ ಕರೆದುಕೊಂಡು ಹೋದಾಗ ಹೆಸರಿಲ್ಲದ ಮಕ್ಕಳನ್ನೆಲ್ಲ ತಾಯಿಯ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಹೆಸರು ಕರೆದಾಗ ಇಬ್ಬರು ಎದ್ದು ನಿಂತೆವು. ಕಾರ್ಡು ಅದಲುಬದಲಾಯಿತು. ಮನೆಗೆ ಬಂದು ನೋಡಿದರೆ ನಮ್ಮ ನಾಲ್ಕೂಮುಕ್ಕಾಲು ಕಿಲೋ ಗಂಡು ಏಳು ಕಿಲೋ ತೂಗುತ್ತಿದೆ. ಅಮ್ಮ ಹಿರಿಹಿರಿ ಹಿಗ್ಗಿ ಪಕ್ಕದ ಮನೆಯವರಿಗೆ ಹೇಳಿಯೂ ಬಂದಿದ್ದಳು. ಮರುದಿನ ಹೋಗಿ ಕಾರ್ಡು ಬದಲಿಸಿಕೊಂಡು ಬಂದೆ. ಆ ಇನ್ನೊಬ್ಬ ತಾಯಿ ತನ್ನ ಮಗು ಒಂದೇ ದಿನದಲ್ಲಿ ಇಳಿದುಹೋಯಿತೆಂದು ಅತ್ತಿದ್ದಳಂತೆ. ನನಗೆ ನಗಬೇಕೋ ನಾಚಿಕೊಳ್ಳಬೇಕೋ ಗೊತ್ತಾಗಲಿಲ್ಲ.

ಇನ್ನು ನಮ್ಮ ಮೇಸ್ತ್ರಿಯ ವಿಷಯ. ಕೆಲಸದವರೆಲ್ಲ ಸೇರಿ ಕೊಟ್ಟ ಹೊದಿಕೆ ತಂದಿದ್ದರು. ತೊಟ್ಟಿಲ ಹತ್ತಿರ ಬಗ್ಗಿ, ಹೆಸರೇನು ಎಂದರು. ಇಲ್ಲ ಎಂದೆ. ಹೆಸರಿಲ್ಲದ್ದನ್ನು ನಾನು ಕೈಯಿಂದ ಮುಟ್ಟುವುದಿಲ್ಲ ಎಂದು ಅಲ್ಲೇ ನಟ್ಟು ಎಂದು ಕರೆದರು. ನಿನ್ನ ಮಗ ತಿರುಗಿ ನೋಡಿದ. ಅವತ್ತಿನಿಂದ ಅಮ್ಮನೂ ನಟ್ಟು, ಹಾಲಿನವನೂ ನಟ್ಟು, ಕೆಳಗಿನ ಮನೆಯ ಹುಡುಗಿಯರೂ ನಟ್ಟು. ನಾನು ಪುಟ್ಟ, ಚಿನ್ನ, ಬಂಗಾರ ಎಂದು ಗಂಟಲು ಹರಿದುಕೊಂಡರೂ ತಿರುಗದವನು ನಟ್ಟು ಎಂದರೆ ಕಣ್ಣರಳಿಸುತ್ತಾನೆ. ಹೊಟ್ಟೆ ಉರಿಯುತ್ತದೆ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಅಂಚೆಯಲ್ಲಿ ಬಂದ ಹನ್ನೊಂದು ಹೆಸರನ್ನೂ ಓದಿದೆ. ಆರಕ್ಷರಕ್ಕಿಂತ ಕಡಿಮೆಯದು ಒಂದೂ ಇಲ್ಲ. ಒಂದಕ್ಕೆ ಶತ್ರುಗಳನ್ನು ಸದೆಬಡಿದವನು ಎಂದು ಅರ್ಥ, ಇನ್ನೊಂದಕ್ಕೆ ಜಗತ್ತನ್ನೇ ಗೆದ್ದವನು, ಮತ್ತೊಂದಕ್ಕೆ ಸಿಂಹದಂಥ ಎದೆಯವನು. ಎದೆಗೂಡು ನನ್ನ ಅಂಗೈಯಷ್ಟಿದೆ, ಬಿಕ್ಕಳಿಕೆ ಬಂದರೆ ಮೈಯೆಲ್ಲ ಅಲ್ಲಾಡುತ್ತದೆ, ಇವನು ಯಾರನ್ನು ಸದೆಬಡಿಯಬೇಕು ಹೇಳು. ಆ ಏಳಕ್ಷರದ್ದನ್ನು ಅಡುಗೆಮನೆಯಿಂದ ಕೂಗಿ ನೋಡಿದೆ. ನಡುವೆ ಒಂದು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಅಮ್ಮ ಬಚ್ಚಲಿನಿಂದ, ಯಾರು ಬಂದರು ಎಂದು ಕೇಳಿದಳು.

ನನ್ನ ಪಟ್ಟಿಯಲ್ಲಿ ಇದ್ದದ್ದು ಆರೇ ಹೆಸರು. ಏಳನೇ ತಿಂಗಳಲ್ಲಿ, ಗಂಡೋ ಹೆಣ್ಣೋ ತಿಳಿಯದೆ ಇದ್ದಾಗ, ಯಾರು ಬಂದರೂ ಒಪ್ಪಲಿ ಎಂದು ಬರೆದಿಟ್ಟದ್ದು. ಎಲ್ಲವೂ ಎರಡು ಮೂರು ಅಕ್ಷರದವು. ಅವತ್ತು ಕಿಟಕಿಯ ಪಕ್ಕ ಕೂತು ನೀನೂ ಓದಿದ್ದೆ. ಮೂರನೆಯದರ ಹತ್ತಿರ ಬಂದಾಗ ಎರಡು ಸಲ ಬಾಯಲ್ಲಿ ಹೇಳಿಕೊಂಡೆ. ನಾನು ನೋಡಿದ್ದೇನೆ, ಇಲ್ಲ ಎನ್ನಬೇಡ. ನಾನು ಕೇಳಿದ್ದಕ್ಕೆ ನೀನು ನೋಡೋಣ ಎಂದೆ. ಅದೇ ಪಟ್ಟಿಗೆ, ಮಗು ಹುಟ್ಟಿದ ವಾರಕ್ಕೆ, ನೀನು ವಾರ್ಡಿನ ಕೆಂಪು ಪೆನ್ನು ತಂದು ಆರೂ ಹೆಸರಿನ ಮೇಲೆ ಗೀಟು ಎಳೆದೆ. ಮೂರನೆಯದಕ್ಕೆ ಎರಡು ಗೀಟು, ಹಾಳೆ ತೂತಾಗುವ ಹಾಗೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಫೋನಿನಲ್ಲಿ ಹೇಳಿದಾಗಲೆಲ್ಲ ಬಾಟಲಿ ಮುಗಿದಿದೆ. ಬರೆದರೆ ಪತ್ರ ಮಡಿಸಿಟ್ಟುಬಿಡುತ್ತೀಯ.

ಚಿಕ್ಕ ಹೆಸರಿನ ಹುಚ್ಚು ನನಗೆ ಯಾಕೆ ಎಂದು ನೀನು ಎಷ್ಟೋ ಸಲ ರೇಗಿದ್ದೀಯ. ನಾನೂ ಸರಿಯಾಗಿ ಕೂತು ಹೇಳಿಲ್ಲ, ಈಗ ಹೇಳುತ್ತೇನೆ. ನಾವು ಲಿಫ್ಟ್ ಓಡಾಡುವ ಶಾಫ್ಟಿನಲ್ಲಿ ಕೆಲಸ ಮಾಡುವಾಗ ಒಬ್ಬರು ಮೇಲೆ ಮೋಟಾರಿನ ಹತ್ತಿರ ಇರುತ್ತೇವೆ, ಒಬ್ಬರು ಲಿಫ್ಟಿನ ನೆತ್ತಿಯ ಮೇಲೋ ಕೆಳಗಿನ ಗುಂಡಿಯಲ್ಲೋ ಇರುತ್ತೇವೆ. ಬಟನ್ ಒತ್ತುವ ಮುಂಚೆ ಮೇಲಿನವರು ಕೆಳಗಿನವರ ಹೆಸರು ಹಿಡಿದು ಕೂಗಬೇಕು. ಅವರು ಓಗೊಡಬೇಕು. ಓಗೊಡುವವರೆಗೆ ಏನನ್ನೂ ಕದಲಿಸುವಂತಿಲ್ಲ. ನಾನು ಸೇರಿದ ವರ್ಷ ಹೊಸಬನೊಬ್ಬ ಬಂದಿದ್ದ, ನಿನ್ನ ಪಟ್ಟಿಯಲ್ಲಿರುವಂಥದೇ ಉದ್ದನೆಯ ಹೆಸರು. ಅವತ್ತು ಮೇಲಿದ್ದವನು ಆ ಹೆಸರನ್ನು ಪೂರ್ತಿ ಹೇಳುವ ತಾಳ್ಮೆಯಿಲ್ಲದೆ ಅರ್ಧ ಕೂಗಿ ಬಟನ್ ಒತ್ತಿದ. ಹುಡುಗನ ಬೂಟಿನ ಮೂತಿ ಹೋಯಿತು, ಕಾಲು ಉಳಿಯಿತು. ಅವತ್ತೇ ಮೇಸ್ತ್ರಿ ಎಲ್ಲರ ಹೆಸರನ್ನೂ ಕತ್ತರಿಸಿ ಎರಡಕ್ಷರ ಮಾಡಿದರು. ನನ್ನದನ್ನು ಮಾತ್ರ ಕತ್ತರಿಸಲಿಲ್ಲ, ಇದು ಹೇಳಿ ಮಾಡಿಸಿದಂತಿದೆ ಎಂದರು. ಮಗನ ಹೆಸರು ಯೋಚಿಸುವಾಗೆಲ್ಲ ನನಗೆ ಆ ಬೂಟು ಕಣ್ಣಮುಂದೆ ಬರುತ್ತದೆ. ಇವನು ಲಿಫ್ಟು ರಿಪೇರಿ ಮಾಡಬೇಕಾಗಿಲ್ಲ. ಆದರೂ ಎಲ್ಲೋ ಬಿದ್ದಾಗ, ಎಲ್ಲೋ ಕಳೆದುಹೋದಾಗ, ಒಂದೇ ಉಸಿರಿಗೆ ಕೂಗುವಂಥ ಹೆಸರು ಇರಲಿ ಎಂದು ಆಸೆ.

ಗಂಡೋ ಹೆಣ್ಣೋ ತಿಳಿಯದ ಹೆಸರು ಯಾಕೆ ಎಂಬುದಕ್ಕೆ ನೀನೇ ಸಾಕ್ಷಿ. ಇಲ್ಲಿನ ನಿನ್ನ ಆಸ್ಪತ್ರೆಯ ಲಿಫ್ಟ್ ಎರಡನೇ ಮೂರನೇ ಮಹಡಿಯ ನಡುವೆ ನಿಂತ ದಿನ ಮರೆತೆಯಾ. ಮೇಲಿನಿಂದ ನಾನು, ಒಳಗೆ ಯಾರಿದ್ದೀರಿ, ಹೆಸರು ಹೇಳಿ ಎಂದು ಕೂಗಿದೆ. ನೀನು ಹೇಳಿದೆ, ಶಾಫ್ಟಿನ ಮಾರ್ದನಿಯಲ್ಲಿ ನನಗೆ ಹೆಸರು ಮಾತ್ರ ತಿಳಿಯಿತು. ಧೂಳು ತಿಂದು ಕಟ್ಟಿದ ಗಂಟಲಲ್ಲಿ ನಾನು, ಹೆದರಬೇಡಮ್ಮ, ಹತ್ತು ನಿಮಿಷದಲ್ಲಿ ತೆಗೆಯುತ್ತೇನೆ ಎಂದೆ. ಆಗಷ್ಟೇ ಮೇಸ್ತ್ರಿ ನನ್ನ ಹೆಸರು ಹಿಡಿದು ಕರೆದದ್ದನ್ನು ಕೇಳಿಸಿಕೊಂಡಿದ್ದ ನೀನು, ಹೆದರಿಲ್ಲ ಅಣ್ಣ, ನಿಧಾನವಾಗಿ ಮಾಡಿ ಎಂದೆ. ಬಾಗಿಲು ಎಳೆದಾಗ ಒಳಗೆ ಮೀಸೆಯ ನೀನು, ಹೊರಗೆ ಜಡೆಯ ನಾನು. ನಿನ್ನ ಜೊತೆ ಒಳಗೆ ಗಾಲಿಕುರ್ಚಿಯಲ್ಲಿದ್ದ ಅಜ್ಜಿ ನಮ್ಮಿಬ್ಬರ ಮುಖ ನೋಡಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ನಮ್ಮ ಸಂಸಾರ ಶುರುವಾದದ್ದೇ ಇಂಥ ಎರಡು ಹೆಸರುಗಳಿಂದ. ಅದನ್ನೂ ಕೆಂಪು ಪೆನ್ನಿನಲ್ಲಿ ಹೊಡೆಯುತ್ತೀಯಾ.

ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಬಂದೆ. ಮೊದಲ ಸಲ ಹಾಲಿಗೆ, ಎರಡನೇ ಸಲ ಬಟ್ಟೆಗೆ. ಸಿಟ್ಟಿನ ಎಳೆ ಎಲ್ಲಿ ಬಿಟ್ಟೆ ಎಂದು ಹುಡುಕಬೇಕಾಯಿತು, ಸಿಕ್ಕಿತು.

ನನ್ನನ್ನು ಅರೆಯುತ್ತಿರುವ ಪ್ರಶ್ನೆ ಒಂದೇ. ಮೊದಲೇ ಬೇಡ ಎಂದಿದ್ದರೆ ಆಗುತ್ತಿರಲಿಲ್ಲವೇ. ಮಗು ಹುಟ್ಟಿದ ಬೆಳಿಗ್ಗೆ ನೀನು ಚೆನ್ನಾಗೇ ಇದ್ದೆ. ಡ್ಯೂಟಿ ಇನ್ನೊಬ್ಬರದಾದರೂ ಕೇಳಿಕೊಂಡು ನೀನೇ ಮಗುವಿನ ಕೈಗೆ ಪಟ್ಟಿ ಕಟ್ಟಿದೆ. ಇಡೀ ವಾರ್ಡಿಗೆ ಬಿಸ್ಕತ್ತು ಹಂಚಿದೆ. ಮರುದಿನ ಮಧ್ಯಾಹ್ನ ನನ್ನ ಕೆಲಸದವರೆಲ್ಲ ನೋಡಲು ಬಂದರು, ಒಳ್ಳೆ ನಗುವಿನ ಹೊತ್ತು ಅದು. ನೀನು ನರ್ಸಿಂಗ್ ಓದಲು ಹೋದಾಗ ಹೆಸರು ನೋಡಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಹದಿನಾಲ್ಕನೇ ನಂಬರ್ ರೂಮು ಕೊಟ್ಟದ್ದು, ಟ್ರಂಕು ಹೊತ್ತು ಬಾಗಿಲಿಗೆ ಹೋದಾಗ ವಾರ್ಡನ್ ನಿನ್ನನ್ನು, ತಂಗಿಯನ್ನು ಬಿಡಲು ಬಂದೆಯಾ ಎಂದು ಕೇಳಿದ್ದು, ಎಲ್ಲ ನಾನೇ ಹೇಳಿದೆ. ನಮ್ಮ ವೈರಿಂಗಿನವನು ನನ್ನ ಪಟ್ಟಿ ನೋಡಿ, ಮೂರನೇ ಹೆಸರು ಇಟ್ಟರೆ ಇವನಿಗೂ ಅದೇ ಹದಿನಾಲ್ಕನೇ ನಂಬರ್ ರೂಮು ಗಟ್ಟಿ ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನೇ ಎಲ್ಲರಿಗಿಂತ ಜಾಸ್ತಿ ನಕ್ಕೆ. ನೀನೂ ನಕ್ಕೆ. ಆದರೆ ಅವತ್ತು ಸಂಜೆಯಿಂದ ನಿನ್ನ ರಾಗ ಬದಲಾಯಿತು. ಎಲ್ಲಿಂದಲೋ ಆ ಏಳಕ್ಷರ ಹಿಡಿದು ತಂದೆ. ಆಗ ಮಾವ ನಿನ್ನ ಕಿವಿ ಊದಿದ್ದಾರೆ ಎಂದುಕೊಂಡೆ. ಪಾಪ, ಅವರ ಮೇಲೆ ಒಂದು ತಿಂಗಳು ಹಲ್ಲು ಕಡಿದಿದ್ದೇನೆ.

ಆಮೇಲಿನದು ನಿನಗೆ ಗೊತ್ತು. ಹತ್ತನೇ ದಿನದ ಜಗಳ. ನಾನು ಆಡಿದ ಮಾತನ್ನು ಇಲ್ಲಿ ಬರೆದುಬಿಡುತ್ತೇನೆ, ಬರೆಯದಿದ್ದರೆ ಮರೆತಿದ್ದೇನೆ ಎಂದುಕೊಳ್ಳುತ್ತೀಯ. ‘ಹೆಸರಿಗೆ ಹೆದರೋ ಗಂಡಸನ್ನ ನಾನು ಇವತ್ತೇ ನೋಡಿದ್ದು’ ಎಂದೆ. ನೀನು ತಟ್ಟೆ ಮುಂದಿನಿಂದ ಎದ್ದು ಕೈ ತೊಳೆದೆ. ಎರಡನೇ ದಿನ, ಬೇರೆಯವರು ಬೇಡ ಎಂದು ಬಿಟ್ಟಿದ್ದ, ದೂರದ ಊರಿನ ಆ ಮೂರು ತಿಂಗಳ ತರಬೇತಿಗೆ ನೀನು ಹೆಸರು ಕೊಟ್ಟು ಬಂದೆ. ಮಗನಿಗೆ ಕೊಡಲು ಒಂದು ಹೆಸರು ಸಿಗಲಿಲ್ಲ, ತರಬೇತಿಗೆ ಮಾತ್ರ ಸಿಕ್ಕಿತು. ಬಟ್ಟೆ ಮಡಿಸುವಾಗಲೂ ಜಗಳವಾಡಲಿಲ್ಲ ನೀನು, ಅದೇ ನನಗೆ ತಡೆಯಲಾಗದ್ದು. ಕೂಗಾಡುವ ಮನುಷ್ಯನಿಗೆ ಉತ್ತರ ಕೊಡಬಹುದು, ಬಟ್ಟೆ ಮಡಿಸುವವನಿಗೆ ಏನು ಹೇಳುವುದು.

ಹೋದ ಭಾನುವಾರ ನಿನ್ನ ಅಕ್ಕ ಬಂದಿದ್ದರು. ಮಗುವಿನ ಬಟ್ಟೆ ಮಡಿಸುತ್ತಾ, ಹೆಸರು ಇನ್ನೂ ಆಗಿಲ್ಲವೇ ಎಂದು ಕೇಳಿದರು. ನಾನು ನಿನ್ನ ಮೇಲೆ ದೂರಿನ ಮೂಟೆ ಬಿಚ್ಚಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಅವನು ನಿನಗೆ ಆರನೇ ಕ್ಲಾಸಿನ ವಿಷಯ ಹೇಳಿಲ್ಲವೇ ಎಂದರು. ಹೇಳಿಲ್ಲ. ಹಾಸ್ಟೆಲ್ಲಿನ ಕತೆಯನ್ನು ನೂರು ಸಲ ಹೇಳಿ ನಗಿಸಿದವನು ಅದನ್ನು ಒಂದು ಸಲವೂ ಹೇಳಿಲ್ಲ.

ಹೊಸ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರನ್ನು ಹುಡುಗಿಯರ ಸಾಲಿನಲ್ಲಿ ಬರೆದುಕೊಂಡರಂತೆ. ತಪ್ಪು ಗೊತ್ತಾದ ಮೇಲೂ ತಿದ್ದಲಿಲ್ಲವಂತೆ, ಹಾಗೇ ಇರಲಿ ಚೆನ್ನಾಗಿದೆ ಎಂದು ನಕ್ಕರಂತೆ. ಪುಸ್ತಕದಲ್ಲಿ ಇದ್ದ ಹಾಗೆ ನಿನ್ನನ್ನು ಹುಡುಗಿಯರ ಬೆಂಚಿನಲ್ಲೇ ಕೂರಿಸಿದರಂತೆ. ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ ನಿನ್ನ ಹೆಸರಿಗೆ ಬಂದು ದನಿ ತೆಳ್ಳಗೆ ಮಾಡುತ್ತಿದ್ದರಂತೆ, ಇಡೀ ಕ್ಲಾಸು ಕಾದು ಕೂತು ನಗುತ್ತಿತ್ತಂತೆ. ನೀನು ಉತ್ತರ ಕೊಡುವುದನ್ನು ಬಿಟ್ಟೆ. ಮೂರು ತಿಂಗಳು ಕ್ಲಾಸಿನಲ್ಲಿ ಕೂತೇ ಗೈರುಹಾಜರಾದೆ. ಶಾಲೆಯಿಂದ ಮನೆಗೆ ಚೀಟಿ ಬಂತು, ನಿಮ್ಮ ಹುಡುಗ ಶಾಲೆಗೇ ಬರುತ್ತಿಲ್ಲ ಎಂದು. ಮಾವ ಹೊಡೆದರು, ಎಲ್ಲಿ ಸುತ್ತುತ್ತಿದ್ದೆ ಎಂದು. ಆಗಲೂ ನೀನು ಬಾಯಿ ಬಿಡಲಿಲ್ಲ. ನಿನ್ನ ಅಕ್ಕ ಒಂದು ದಿನ ಕಿಟಕಿಯಿಂದ ನೋಡಿದ್ದಕ್ಕೆ ಗೊತ್ತಾಯಿತಂತೆ. ಇದನ್ನು ಹೇಳುವಾಗ ಅವರು ಒಂದೇ ಅಂಗಿಯನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಮಡಿಸಿದರು.

ನನಗೆ ಮೊದಲು ಬಂದದ್ದು ನಿನ್ನ ಮೇಲೆ ಸಿಟ್ಟು. ಏಳು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ನನ್ನ ಹಲ್ಲುನೋವು, ನನ್ನ ಕೆಟ್ಟ ಕನಸು, ನನ್ನ ಮೇಸ್ತ್ರಿಯ ಬೈಗುಳ, ಎಲ್ಲ ನಿನಗೆ ಗೊತ್ತು. ನಿನ್ನದು ಮಾತ್ರ ನನಗೆ ಬೇರೆಯವರ ಬಾಯಿಂದ ತಿಳಿಯಬೇಕು. ಆಮೇಲೆ ಬಂದದ್ದು ನನ್ನ ಮೇಲೆ. ಸಿಸ್ಟರಣ್ಣ ಎಂದು ರೋಗಿಗಳು ಕರೆದದ್ದನ್ನು ಮನೆಗೆ ತಂದವಳು ನಾನು. ನೆಂಟರ ಮುಂದೆ, ಗೆಳೆಯರ ಮುಂದೆ, ಬೇಕೆಂದಾಗೆಲ್ಲ ಹದಿನಾಲ್ಕನೇ ನಂಬರ್ ರೂಮಿನ ಬಾಗಿಲು ತೆಗೆದು ತೋರಿಸಿದವಳು ನಾನು. ನೀನು ನಗುತ್ತಿದ್ದೆಯಲ್ಲ, ಅದಕ್ಕೆ ಇದೂ ಒಂದು ತಮಾಷೆ ಎಂದುಕೊಂಡೆ. ನಿನಗೆ ನಗುವುದು ಬಿಟ್ಟು ಬೇರೆ ದಾರಿ ಏನಿತ್ತು ಎಂದು ಯೋಚಿಸಲಿಲ್ಲ.

ನೀನು ಮುಚ್ಚಿಟ್ಟದ್ದು ನನಗೆ ಸಿಕ್ಕಿತಲ್ಲ, ನಾನು ಮುಚ್ಚಿಟ್ಟದ್ದನ್ನೂ ತಗೋ. ನನ್ನ ಹೆಸರೇ ನನಗೆ ಕೆಲಸ ಕೊಡಿಸಿತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನಲ್ಲ, ಗಂಡಸು ಎಂದುಕೊಂಡು ಸಂದರ್ಶನಕ್ಕೆ ಕರೆದರು, ನೋಡಿ ದಂಗಾದರು, ಕೆಲಸ ಕೊಟ್ಟರು ಎಂದು. ಅದು ಪೂರ್ತಿ ನಿಜವಲ್ಲ. ಅರ್ಜಿಯಲ್ಲಿ ಗಂಡು, ಹೆಣ್ಣು ಎಂದು ಎರಡು ಚೌಕವಿತ್ತು. ಎರಡನ್ನೂ ಬೇಕೆಂದೇ ಖಾಲಿ ಬಿಟ್ಟೆ. ಕರೆದರು, ನಿಜ. ನನ್ನನ್ನು ನೋಡಿದ ಮೇಲೆ ಕೂತುಕೊಳ್ಳಲೂ ಹೇಳದೆ ವಾಪಸ್ಸು ಕಳಿಸಿದರು. ಮೂರು ದಿನ ಆ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದೆ. ಮೂರನೇ ದಿನ ಮೇಸ್ತ್ರಿ ನನ್ನನ್ನು ದಾಟಿ ಹೋಗಲಾರದೆ, ಕೈಗೆ ಸ್ಪ್ಯಾನರ್ ಕೊಟ್ಟು ಏನು ಬರುತ್ತೆ ತೋರಿಸು ಎಂದರು. ಹೆಸರು ನನ್ನನ್ನು ಬಾಗಿಲ ತನಕ ಕರೆದುಕೊಂಡು ಹೋಯಿತು, ಅಷ್ಟೇ. ಒಳಗೆ ಹೋದದ್ದು ಸ್ಪ್ಯಾನರಿನಿಂದ. ಮೆಟ್ಟಿಲ ಮೇಲೆ ಕೂತ ಕತೆಗಿಂತ ದಂಗಾದ ಕತೆ ಹೇಳಲಿಕ್ಕೆ ಚೆನ್ನಾಗಿತ್ತು, ಅದನ್ನೇ ಹೇಳುತ್ತಾ ಬಂದೆ. ಆ ಅರ್ಧ ಕತೆಯನ್ನೇ ಆಧಾರ ಮಾಡಿಕೊಂಡು ನಿನ್ನ ಹತ್ತಿರ ಇಷ್ಟು ದಿನ ವಾದ ಮಾಡಿದೆ.

ಆದ್ದರಿಂದ ನಾನು ಸೋತೆ ಎಂದುಕೋ. ಸೋತವಳ ಹಾಗೆ ಕಾಣಿಸುತ್ತಿಲ್ಲ ಎಂದರೆ ಅದು ನನ್ನ ಕೈಬರಹದ ದೋಷ. ಫಾರಂ ಇದರ ಜೊತೆ ಇಟ್ಟಿದ್ದೇನೆ. ನನ್ನ ಸಹಿ ಆಗಿದೆ, ಎಂಟನೇ ಕಾಲಮ್ಮು ಖಾಲಿ ಇದೆ. ನಿನಗೆ ಬೇಕಾದದ್ದನ್ನು ಬರೆ, ಸಿಂಹದೆದೆಯಾದರೂ ಸರಿ, ಜಗತ್ತು ಗೆದ್ದವನಾದರೂ ಸರಿ. ಜಾಗ ಅಳೆದು ನೋಡಿದ್ದೇನೆ, ಸಣ್ಣಗೆ ಬರೆದರೆ ಏಳಕ್ಷರ ಹಿಡಿಸುತ್ತದೆ. ಬರೆದು ಬರುವ ವಾರದ ಗುರುವಾರದೊಳಗೆ ತಲುಪುವಂತೆ ಕಳಿಸು. ನಾನು ಏಳಕ್ಷರವನ್ನೂ ಕೂಗಲು ಕಲಿಯುತ್ತೇನೆ. ಅಡುಗೆಮನೆಯಿಂದ ಅಭ್ಯಾಸ ಶುರು ಮಾಡುತ್ತೇನೆ, ಅಮ್ಮ ಯಾರು ಬಂದರು ಎಂದು ಕೇಳಿದರೆ ನಿನ್ನ ಮೊಮ್ಮಗ ಎನ್ನುತ್ತೇನೆ.

ಒಂದೇ ಮಾತು. ಆ ಉದ್ದನೆಯ ಹೆಸರಿನಿಂದ ಇವನಿಗೆ ಏನೂ ಆಗುವುದಿಲ್ಲ ಎಂದು ಮಾತ್ರ ತಿಳಿಯಬೇಡ. ನಗಬೇಕೆಂದು ಕೂತ ಮೇಷ್ಟ್ರಿಗೆ ಯಾವ ಹೆಸರಾದರೂ ಸಾಕು. ಅಂಥ ದಿನ ಬಂದರೆ ಇವನು ಮನೆಗೆ ಬಂದು ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಹೇಳಬೇಕು. ಅಷ್ಟನ್ನು ಕಲಿಸಲು ನೀನು ಇಲ್ಲಿ ಇರಬೇಕು. ಅದನ್ನು ಅಂಚೆಯಲ್ಲಿ ಕಲಿಸಲಿಕ್ಕೆ ಬರುವುದಿಲ್ಲ.

ಅಮ್ಮನಿಗೆ ಮಂಡಿನೋವು ಹೆಚ್ಚಾಗಿದೆ, ಮೆಟ್ಟಿಲಿನ ಮಹಿಮೆ. ಮಗು ಚೆನ್ನಾಗಿದೆ. ಬಲಗಿವಿ ನಿನ್ನ ಹಾಗೇ ಮಡಚಿಕೊಂಡಿದೆ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಲಿಫ್ಟಮ್ಮ

ಮರೆತ ಮಾತು, ಸಂಜೆ ಆರು ಗಂಟೆ:

ಲಕೋಟೆ ಅಂಟಿಸುವ ಮುಂಚೆ ಫಾರಮ್ಮಿನಲ್ಲಿ ಕೈಪಟ್ಟಿಯ ನಂಬರು ಬರೆಯೋಣ ಎಂದು ಉಪಕರಣದ ಪೆಟ್ಟಿಗೆ ತೆಗೆದೆ. ಮನೆಗೆ ಬಂದ ದಿನ ಆ ಪಟ್ಟಿಯನ್ನು ಕತ್ತರಿಸಿ ಫ್ಯೂಸ್ ಇಡುವ ಡಬ್ಬಿಯಲ್ಲಿ ಇಟ್ಟಿದ್ದೆ. ಪ್ಲಾಸ್ಟಿಕ್ ಮಸುಕಾಗಿ ನಂಬರು ಸರಿಯಾಗಿ ಕಾಣಲಿಲ್ಲ. ಚಿಮಟದಿಂದ ಒಳಗಿನ ಚೀಟಿ ಎಳೆದೆ. ಮುಂದೆ ನನ್ನ ಹೆಸರು, ಹಾಸಿಗೆಯ ನಂಬರು, ತಾರೀಖು, ಗಂಡು ಮಗು. ಎಲ್ಲ ನಿನ್ನ ಗುಂಡು ಅಕ್ಷರ. ಹಿಂದೆ ತಿರುಗಿಸಿದೆ.

ಹಿಂದೆ ನನ್ನ ಪಟ್ಟಿಯ ಮೂರನೇ ಹೆಸರು ಇತ್ತು. ಅದರ ಕೆಳಗೆ, ನೀನು ಚಾರ್ಟು ಬರೆಯುವ ಹಾಗೆಯೇ, ‘೧೧.೪೦. ಹೆಸರು ಹಿಡಿದು ಕರೆದೆ. ಕಣ್ಣು ತೆರೆದ.’

ಹನ್ನೊಂದು ಇಪ್ಪತ್ತಕ್ಕೆ ಹುಟ್ಟಿದ ಮಗು. ಇಪ್ಪತ್ತೇ ನಿಮಿಷಕ್ಕೆ ನೀನು ಹೆಸರಿಟ್ಟಾಗಿತ್ತು. ನಾವೆಲ್ಲ ಹಾಸಿಗೆಯ ಸುತ್ತ ಸೇರಿ ನಕ್ಕದ್ದು ಮರುದಿನ. ಗೀಟು ಎಳೆದ ಪೆನ್ನು ನಿನ್ನದು, ಹೊಡೆದು ಹಾಕಿದವಳು ನಾನು. ತಪ್ಪಾಯಿತು. ಇದನ್ನು ತಮಾಷೆ ಮಾಡದೆ ಹೇಳುತ್ತಿದ್ದೇನೆ.

ಫಾರಮ್ಮನ್ನು ಲಕೋಟೆಯಿಂದ ತೆಗೆದುಬಿಟ್ಟೆ. ಬಂದು ಇಲ್ಲೇ ಬರೆ. ಎರಡಕ್ಷರವೋ ಏಳೋ, ನಿನ್ನಿಷ್ಟ, ನಾನು ಬಾಯಿ ಬಿಡುವುದಿಲ್ಲ. ಈಗ ತೊಟ್ಟಿಲ ಹತ್ತಿರ ಹೋಗಿ ಮೆಲ್ಲಗೆ ಆ ಹೆಸರು ಹಿಡಿದು ಕರೆದು ನೋಡಿದೆ. ನನ್ನ ದನಿಗೆ ತಿರುಗಲಿಲ್ಲ, ಅದನ್ನು ಅವನು ನಿನ್ನ ಬಾಯಲ್ಲಿ ಕೇಳಿದವನು.

ನಮ್ಮ ಕೆಲಸದ ನಿಯಮ ಮೇಲೆ ಬರೆದಿದ್ದೇನಲ್ಲ. ನಾನು ಕೂಗಿ ಆಯಿತು. ನೀನು ಓಗೊಡುವವರೆಗೆ ಏನನ್ನೂ ಕದಲಿಸುವುದಿಲ್ಲ.